ಕಸುವುಳ್ಳ ಎತ್ತು ಹೊರಸುತ್ತಿಗೆ: ಉತ್ತಮ ಕೆಲಸಗಾರರನ್ನು ಇಟ್ಟುಕೊಂಡು ತಂಡ ಕಟ್ಟುವ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ಒಂದು ಸಣ್ಣ ಘಟಕದ ಉತ್ಪಾದನಾ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಒಬ್ಬ ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರಿನಿಂದ ನಡೆಯುವ ಲೋಹ ಕತ್ತರಿಸುವ ಯಂತ್ರವನ್ನು ಪ್ರತಿ ಹೊಸ ಕೆಲಸಕ್ಕೆ ಹೊಂದಿಸುವವ) ಇದ್ದ. ಹೊಸ ಜಾಬ್ ಬಂದರೆ ಉಳಿದವರು ಅರ್ಧ ದಿನ ಹಿಡಿಯುವ ಸೆಟ್ಟಿಂಗನ್ನು ಆತ ಒಂದೂವರೆ ತಾಸಿನಲ್ಲಿ ಮುಗಿಸುತ್ತಿದ್ದ, ಮತ್ತು ಬಹಳ ಸಲ ಮೊದಲ ಪೀಸೇ ಅಳತೆಗೆ ಕೂಡುತ್ತಿತ್ತು. "ಅವ ಒಬ್ಬಾಂವ ಇದ್ದರ ಸಾಕ್ರಿ, ಉಳಿದದ್ದು ಹ್ಯಾಂಗರ ನಡೀತದ" ಎಂದು ಮಾಲೀಕರು ಹೇಳುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ತಂಗಿಯ ಮದುವೆಗೆಂದು ಆತ ರಾಣೆಬೆನ್ನೂರಿಗೆ ಹೋದ ನಾಲ್ಕು ದಿನ ಎರಡು ಯಂತ್ರಗಳು ನಿಂತವು. ಅದರಿಂದ ಕಲಿಯಬೇಕಾದದ್ದನ್ನು ಕಲಿಯದೆ, ಆತ ನಮ್ಮನ್ನು ಬಿಟ್ಟು ಹೋಗಬಾರದೆಂಬ ಒಂದೇ ಲೆಕ್ಕದಲ್ಲಿ ಆತನನ್ನು ಪಾಳಿಯ ಸೂಪರ್‌ವೈಸರ್ ಮಾಡಿದೆವು. ನಮ್ಮ ಒಳ್ಳೆಯ ಸೆಟ್ಟರ್ ಕೈತಪ್ಪಿದ, ಅವನ ಬದಲು ಜನರನ್ನು ಸಂಭಾಳಿಸಲು ಬಾರದ ಒಬ್ಬ ಸೂಪರ್‌ವೈಸರ್ ಸಿಕ್ಕ. ಎಂಟು ತಿಂಗಳ ನಂತರ ಆತ ಪುಣೆಯ ಕಾರ್ಖಾನೆಯೊಂದಕ್ಕೆ, ಮತ್ತೆ ಸೆಟ್ಟರ್ ಆಗಿಯೇ, ಸೇರಿಕೊಂಡ.

ಕಣದಲ್ಲಿ ಹಂತಿ ಹೂಡಿದ್ದನ್ನು, ಅಂದರೆ ಕಾಳು ಬಿಡಿಸಲು ತೆನೆಗಳ ಮೇಲೆ ಎತ್ತುಗಳನ್ನು ಸುತ್ತು ತಿರುಗಿಸುವುದನ್ನು, ಕಂಡವರಿಗೆ (ಒಕ್ಕಣೆ ಯಂತ್ರಗಳು ಬಂದ ಮೇಲೆ ಅಂಥವರು ಕಡಿಮೆಯಾಗಿದ್ದಾರೆ) ನಮ್ಮ ತಪ್ಪು ಏನೆಂದು ಬೇಗ ತಿಳಿಯುತ್ತದೆ. ಮೇಟಿಯ (ಕಣದ ನಡುವಿನ ಕಂಬದ) ಸುತ್ತ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಮೇಟಿಗೆ ಹತ್ತಿರದ್ದು ಸಣ್ಣ ಸುತ್ತು ತಿರುಗುತ್ತದೆ, ಹೊರಗಿನದು ಅದೇ ಹೊತ್ತಿನಲ್ಲಿ ಎಷ್ಟೋ ಪಟ್ಟು ಹೆಚ್ಚು ನಡೆಯಬೇಕಾಗುತ್ತದೆ. ಆದ್ದರಿಂದ ಕಸುವುಳ್ಳ ಎತ್ತನ್ನು ಹೊರಸುತ್ತಿಗೆ ಕಟ್ಟುವುದು ರೂಢಿ. ನಾವು ನಮ್ಮ ಕಸುವುಳ್ಳ ಎತ್ತನ್ನು ಮೇಟಿಯ ಜಾಗದಲ್ಲಿ ಹುಗಿದು ನಿಲ್ಲಿಸಿದ್ದೆವು. ಮೇಟಿಯಾಗಿ ನಿಲ್ಲಬೇಕಾದದ್ದು ಕೆಲಸದ ಕ್ರಮವೇ ಹೊರತು ವ್ಯಕ್ತಿಯಲ್ಲ. ಉತ್ತಮ ಕೆಲಸಗಾರನ ಸುತ್ತ ತಂಡ ಕಟ್ಟಬೇಕೆಂದು ಹೊರಡುವವರು ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹೆಜ್ಜೆಗಳು ಸುಲಭವಾಗುತ್ತವೆ.

ಯಾರು ಉತ್ತಮರು ಎಂದು ಲೆಕ್ಕ ಹಿಡಿಯುವುದು

ಉತ್ತಮ ಕೆಲಸಗಾರ ಯಾರೆಂಬುದು ತಮಗೆ ಗೊತ್ತೇ ಇದೆ ಎಂದು ಹೆಚ್ಚಿನ ಮಾಲೀಕರು ತಿಳಿದಿರುತ್ತಾರೆ. ಅವರ ಕಣ್ಣಿಗೆ ಬಿದ್ದಿರುವುದು ಸಾಮಾನ್ಯವಾಗಿ ಕೆಲಸ ಕೆಟ್ಟಾಗ ಓಡಿಬಂದು ಸರಿಪಡಿಸಿದವರು. ಕೆಲಸ ಕೆಡದಂತೆ ನೋಡಿಕೊಂಡವರ ಹೆಸರು ಅವರಿಗೆ ನೆನಪಿಗೆ ಬರುವುದಿಲ್ಲ. ಆದ್ದರಿಂದ ತಂಡಕ್ಕೆ ಕೈಹಾಕುವ ಮುನ್ನ ಎರಡು ತಿಂಗಳ ಮಟ್ಟಿಗೆ ಮೂರು ಲೆಕ್ಕಗಳನ್ನು ಬರೆದಿಡಬೇಕು. ಮೊದಲನೆಯದು ಎಲ್ಲರೂ ಇಡುವ ಲೆಕ್ಕ: ಒಬ್ಬೊಬ್ಬರು ಎಷ್ಟು ಮಾಡಿದರು, ಅದರಲ್ಲಿ ರಿಜೆಕ್ಷನ್ (ತಿರಸ್ಕೃತವಾದದ್ದು) ಎಷ್ಟು, ರೀವರ್ಕ್ (ಮತ್ತೆ ತಿದ್ದಬೇಕಾದದ್ದು) ಎಷ್ಟು. ಎರಡನೆಯದು ಮುಂದಿನ ಕೈಯ ಲೆಕ್ಕ: ಇವರು ಮಾಡಿಕೊಟ್ಟದ್ದನ್ನು ಪಡೆದವರು ಅದನ್ನು ನೇರವಾಗಿ ಮುಂದಕ್ಕೆ ಒಯ್ಯಲು ಸಾಧ್ಯವಾಯಿತೆ, ಇಲ್ಲವೆ ತಿದ್ದಬೇಕಾಯಿತೆ ಎಂಬುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಿಂಗಡಿಸುವ ಹೆಣ್ಣುಮಕ್ಕಳ ನಡುವೆ ಈ ಎರಡನೆಯ ಲೆಕ್ಕ ಬಾಯಿಮಾತಿನಲ್ಲೇ ಇರುತ್ತದೆ. ಯಾರ ಚೀಲವನ್ನು ಮತ್ತೊಮ್ಮೆ ಸುರಿದು ನೋಡಬೇಕು, ಯಾರದ್ದನ್ನು ಕಣ್ಣುಮುಚ್ಚಿ ಹೊಲಿಯಬಹುದು ಎಂಬುದು ಪಕ್ಕದಲ್ಲಿ ಕುಳಿತವಳಿಗೆ ಗೊತ್ತು. ದಿನದ ಕೊನೆಗೆ ಹೆಚ್ಚು ಚೀಲ ತೋರಿಸಿದವಳೇ ಜಾಣೆ ಎಂದು ಬರೆದುಕೊಳ್ಳುವ ಗುಮಾಸ್ತನಿಗೆ ಮಾತ್ರ ಗೊತ್ತಿರುವುದಿಲ್ಲ.

ಮೂರನೆಯದು ರಜೆಯ ಲೆಕ್ಕ. ಒಬ್ಬರು ರಜೆಯಲ್ಲಿದ್ದ ದಿನ ತಂಡದ ಒಟ್ಟು ಕೆಲಸ ಎಷ್ಟು ಇಳಿಯಿತು ಎಂದು ನೋಡಬೇಕು. ಅದು ಅವರೊಬ್ಬರ ಪಾಲಿನಷ್ಟೇ ಇಳಿದಿದ್ದರೆ ಅವರು ಒಳ್ಳೆಯ ಕೆಲಸಗಾರರು. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಎರಡು ಅರ್ಥ ಸಾಧ್ಯ: ಅವರು ಇತರರ ಕೆಲಸವನ್ನೂ ಎತ್ತುತ್ತಿದ್ದಾರೆ, ಅಥವಾ ಇತರರು ಕಲಿಯದಂತೆ ಎಲ್ಲವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ತಂಡದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಹೋದ ತಿಂಗಳು ಕೆಲಸದಲ್ಲಿ ತೊಡಕು ಬಂದಾಗ ಯಾರ ಬಳಿ ಹೋದಿರಿ, ಅವರು ತಾವೇ ಮಾಡಿಕೊಟ್ಟರೋ ನಿಮ್ಮ ಕೈಯಿಂದ ಮಾಡಿಸಿದರೋ ಎಂದು ಕೇಳಬೇಕು. ನಮ್ಮ ಘಟಕದಲ್ಲಿ ಹೀಗೆ ಕೇಳಿದಾಗ, ನಾನು ಸಾಧಾರಣ ಎಂದು ಬರೆದಿಟ್ಟಿದ್ದ ಒಬ್ಬ ಹಿರಿಯ ಆಪರೇಟರ್ ಹೆಸರು ಎಲ್ಲರಿಗಿಂತ ಹೆಚ್ಚು ಸಲ ಬಂತು. ಆ ದಿನ ನನ್ನ ಹಳೆಯ ಪಟ್ಟಿಯನ್ನು ಹರಿದು ಹಾಕಿದೆ.

ಎಷ್ಟು ಮಂದಿ ಜಾಣರು, ಎಂಥ ಕೆಲಸಕ್ಕೆ

ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ 1913ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದವರಿಗೆಲ್ಲ ಅರ್ಥವಾಗುವಂಥದ್ದು. ಒಬ್ಬೊಬ್ಬರೇ ಎಳೆದಾಗಿನ ಬಲವನ್ನು ನೂರು ಎಂದಿಟ್ಟುಕೊಂಡರೆ, ಎಂಟು ಜನ ಸೇರಿ ಎಳೆದಾಗ ತಲಾ ಬಲ ಸುಮಾರು ಅರ್ಧಕ್ಕೆ ಇಳಿದಿತ್ತು. ಒಂದು ಕಾರಣ ಎಲ್ಲರ ಎಳೆತ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಕೂಡದಿರುವುದು. ಇನ್ನೊಂದು, ಗುಂಪಿನಲ್ಲಿ ತನ್ನ ಪಾಲು ಯಾರಿಗೂ ಕಾಣುವುದಿಲ್ಲ ಎಂದು ಕೈ ಸಡಿಲಿಸುವುದು. ಆದ್ದರಿಂದ ಒಂದು ತಂಡದಲ್ಲಿ ಐದರಿಂದ ಎಂಟು ಜನರಿಗಿಂತ ಹೆಚ್ಚು ಇಡಬಾರದು ಎಂಬುದು ನನ್ನ ಅಭಿಪ್ರಾಯ. ಹನ್ನೆರಡು ಜನರಿದ್ದರೆ ಎರಡು ತಂಡ ಮಾಡಿ, ಒಂದೊಂದರ ಪಾಲಿನ ಕೆಲಸ ಬೇರೆಬೇರೆಯಾಗಿ ಕಾಣುವಂತೆ ಇಡುವುದು ಮೇಲು.

ಜಾಣರನ್ನೆಲ್ಲ ಒಂದೇ ಕಡೆ ಕೂಡಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಕೋಳಿಗಳ ಕಥೆಯೊಂದಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ ಎಂಬ ತಳಿವಿಜ್ಞಾನಿ ಒಂಟಿಯಾಗಿ ಅತಿ ಹೆಚ್ಚು ಮೊಟ್ಟೆಯಿಡುವ ಕೋಳಿಗಳನ್ನು ಆರಿಸುವ ಬದಲು, ಒಟ್ಟಾಗಿ ಹೆಚ್ಚು ಮೊಟ್ಟೆಯಿಡುವ ಗೂಡುಗಳನ್ನೇ ಆರಿಸಿ ತಳಿ ಬೆಳೆಸಿದರು. ಕೆಲವೇ ತಲೆಮಾರುಗಳಲ್ಲಿ ಆ ಗೂಡುಗಳಲ್ಲಿ ಒಂದನ್ನೊಂದು ಕುಕ್ಕಿ ಸಾಯಿಸುವುದು ಬಹಳ ಕಡಿಮೆಯಾಯಿತು, ಒಟ್ಟು ಮೊಟ್ಟೆಗಳು ಹೆಚ್ಚಿದವು. ಒಂಟಿಯಾಗಿ ಹೆಚ್ಚು ಇಡುತ್ತಿದ್ದ ಕೋಳಿ ಬಹಳ ಸಲ ಪಕ್ಕದ ಕೋಳಿಯ ಪಾಲನ್ನು ಕುಕ್ಕಿ ಕಿತ್ತುಕೊಂಡದ್ದಾಗಿತ್ತು. ಮನುಷ್ಯರ ವಿಷಯದಲ್ಲಿ ಇದನ್ನು ಹಾಗೆಯೇ ಅನ್ವಯಿಸುವುದು ಅತಿಯಾಗುತ್ತದೆ; ಆದರೂ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕ್ರೀಡಾ ತಂಡಗಳಲ್ಲಿ ಇಂಥದ್ದನ್ನೇ ಕಂಡಿತು. ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ನಲ್ಲಿ ಒಂದು ಮಿತಿಯ ನಂತರ ಇನ್ನಷ್ಟು ಪ್ರಥಮ ದರ್ಜೆಯ ಆಟಗಾರರು ಸೇರಿದಂತೆಲ್ಲ ತಂಡದ ಫಲಿತಾಂಶ ಕುಗ್ಗಿತು. ಬೇಸ್‌ಬಾಲ್‌ನಲ್ಲಿ ಹಾಗಾಗಲಿಲ್ಲ, ಏಕೆಂದರೆ ಅಲ್ಲಿ ಹೆಚ್ಚಿನ ಆಟ ಒಬ್ಬೊಬ್ಬರ ಕೈಯಲ್ಲೇ ಮುಗಿಯುತ್ತದೆ.

ಇದರಿಂದ ಕೆಲಸಕ್ಕೆ ಬರುವ ಪ್ರಶ್ನೆ ಒಂದೇ: ನಿಮ್ಮಲ್ಲಿ ಕೆಲಸ ಒಬ್ಬೊಬ್ಬರ ಕೈಯಲ್ಲೇ ಮುಗಿಯುತ್ತದೆಯೋ, ಕೈಯಿಂದ ಕೈಗೆ ಹೋಗುತ್ತದೆಯೋ? ರಾಣೆಬೆನ್ನೂರಿನ ಬೀಜದ ವ್ಯಾಪಾರದಲ್ಲಿ ಒಬ್ಬೊಬ್ಬ ಪ್ರತಿನಿಧಿಗೆ ಒಂದೊಂದು ತಾಲ್ಲೂಕು ಹಂಚಿಕೊಟ್ಟಿದ್ದರೆ ಅಲ್ಲಿ ಸಿಕ್ಕಷ್ಟು ಜಾಣರನ್ನು ಇಟ್ಟುಕೊಳ್ಳಬಹುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕೆಲಸ ಇದಕ್ಕೆ ಪೂರ್ತಿ ವಿರುದ್ಧವಾದ ಬಗೆಯದು. ರಾಷ್ಟ್ರಧ್ವಜವೊಂದು ನೂಲುವವರು, ನೇಯುವವರು, ಬಣ್ಣ ಹಾಕುವವರು, ಚಕ್ರ ಮುದ್ರಿಸುವವರು, ಹೊಲಿಯುವವರು ಹೀಗೆ ಹಲವು ಕೈಗಳನ್ನು ದಾಟಿ ಬರುತ್ತದೆ. ಉದ್ದ ಮತ್ತು ಅಗಲ 3:2ರ ಪ್ರಮಾಣದಲ್ಲೇ ಇರಬೇಕು, 24 ಕಡ್ಡಿಗಳ ಚಕ್ರ ಬಟ್ಟೆಯ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ನೇಕಾರ ಎಷ್ಟೇ ನಿಪುಣನಾಗಿರಲಿ, ಚಕ್ರ ಒಂದಿಷ್ಟು ಸರಿದಿದ್ದರೆ ಅವನ ನೈಪುಣ್ಯವೂ ಆ ಬಟ್ಟೆಯ ಜೊತೆಗೇ ತಿರಸ್ಕೃತವಾಗುತ್ತದೆ. ಇಂಥ ಕೆಲಸದಲ್ಲಿ ಅತ್ಯುತ್ತಮನನ್ನು ಇನ್ನಷ್ಟು ಉತ್ತಮನನ್ನಾಗಿ ಮಾಡಲು ಹಾಕುವ ರೊಕ್ಕಕ್ಕಿಂತ, ಸಾಲಿನಲ್ಲಿ ಹಿಂದೆ ಬಿದ್ದವರನ್ನು ಮೇಲೆತ್ತಲು ಹಾಕುವ ರೊಕ್ಕ ಹೆಚ್ಚು ಫಲ ಕೊಡುತ್ತದೆ, ಮತ್ತು ಆ ಮೇಲೆತ್ತುವ ಕೆಲಸಕ್ಕೆ ಅತ್ಯುತ್ತಮನೇ ಬೇಕಾಗುತ್ತಾನೆ.

ಹೊರಗಿನಿಂದ ತರುವ ಮುನ್ನ

ಬೆಂಗಳೂರು ಅಥವಾ ಪುಣೆಯಲ್ಲಿ ಹೆಸರು ಮಾಡಿದವರನ್ನು ಹೆಚ್ಚು ಸಂಬಳ ಕೊಟ್ಟು ಊರಿಗೆ ಕರೆತರುವ ಆಸೆ ನಮ್ಮ ಭಾಗದ ಉದ್ಯಮಿಗಳಿಗೆ ಸಹಜ. ಹುಬ್ಬಳ್ಳಿ-ಧಾರವಾಡದ ಕಡೆಯವರೇ ಅಲ್ಲಿ ಬಹಳ ಮಂದಿ ಇರುವುದರಿಂದ "ಊರಿಗೆ ಬರ್ರಿ" ಎಂಬ ಮಾತಿಗೆ ಎಳೆತವೂ ಇದೆ. ಆದರೆ ಹಾರ್ವರ್ಡ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ಮತ್ತು ಸಂಗಡಿಗರು ಅಮೆರಿಕದ ಷೇರುಪೇಟೆಯ ಸಾವಿರಕ್ಕೂ ಹೆಚ್ಚು ವಿಶ್ಲೇಷಕರ ವೃತ್ತಿಜೀವನವನ್ನು ಹಿಂಬಾಲಿಸಿ ನೋಡಿದಾಗ, ಮೊದಲ ಸಾಲಿನವರು ಸಂಸ್ಥೆ ಬದಲಿಸಿದ ಕೂಡಲೇ ಅವರ ಕೆಲಸದ ಮಟ್ಟ ಇಳಿದದ್ದು ಕಂಡಿತು. ತಮ್ಮ ಜೊತೆಗಾರರನ್ನೂ ಕರೆದುಕೊಂಡು ಹೋದವರಿಗೆ ಆ ಪೆಟ್ಟು ಕಡಿಮೆ ಬಿತ್ತು. ನಾವು ಒಬ್ಬರ ಜಾಣತನ ಎಂದು ಕರೆಯುವುದರಲ್ಲಿ ಒಳ್ಳೆಯ ಪಾಲು ಅವರು ಮೊದಲಿದ್ದ ಜಾಗದ್ದು: ಕೇಳಿದಾಗ ಸಿಗುತ್ತಿದ್ದ ಮಾಹಿತಿ, ಅರ್ಧ ಮಾತಿಗೆ ಪೂರ್ತಿ ತಿಳಿದುಕೊಳ್ಳುತ್ತಿದ್ದ ಸಹಾಯಕ, ಯಾವ ಸರಕು ಯಾವ ಗೋದಾಮಿನಲ್ಲಿದೆ ಎಂಬ ತಿಳಿವಳಿಕೆ. ಹೊರಗಿನವರನ್ನು ತರುವುದೇ ಆದರೆ ಮೊದಲ ಆರು ತಿಂಗಳು ಅವರಿಂದ ಹಳೆಯ ಹೆಸರಿಗೆ ತಕ್ಕ ಫಲಿತಾಂಶ ಕೇಳಬಾರದು, ಮತ್ತು ಅವರು ಬರುವ ಮುಂಚೆಯೇ ಅವರ ಜೊತೆ ಕೂರುವ ಇಬ್ಬರನ್ನು ಗುರುತಿಸಿಟ್ಟಿರಬೇಕು. ಇಷ್ಟಕ್ಕೂ ಅದೇ ರೊಕ್ಕದಲ್ಲಿ ಮನೆಯೊಳಗಿನ ಇಬ್ಬರನ್ನು ಬೆಳೆಸಲು ಸಾಧ್ಯವೇ ಎಂದು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡುವುದು ಒಳಿತು.

ಹೊರಸುತ್ತಿಗೆ ಕಟ್ಟುವುದು

ಈ ಬರಹದ ತಿರುಳು ಇಲ್ಲಿದೆ. ಉತ್ತಮ ಕೆಲಸಗಾರರನ್ನು ಗುರುತಿಸಿದ ಮೇಲೆ ಮೊದಲು ಮಾಡಬೇಕಾದದ್ದು ಅವರ ಒಂದು ವಾರದ ದಿನಚರಿಯನ್ನು, ಅವರ ಒಪ್ಪಿಗೆ ಪಡೆದು, ಅರ್ಧ ತಾಸಿಗೊಮ್ಮೆ ಬರೆಯಿಸುವುದು. ಬರೆದದ್ದನ್ನು ಅವರ ಜೊತೆಯಲ್ಲೇ ಕುಳಿತು ಮೂರು ಭಾಗ ಮಾಡಬೇಕು: ಅವರಿಂದ ಮಾತ್ರ ಆಗುವ ಕೆಲಸ, ಕಲಿಸಿದರೆ ಇನ್ನೊಬ್ಬರಿಂದ ಆಗುವ ಕೆಲಸ, ಯಾರು ಬೇಕಾದರೂ ಮಾಡಬಹುದಾದ ಕೆಲಸ. ನಾನು ಇದನ್ನು ಮಾಡಿಸಿದ ಪ್ರತಿ ಸಲವೂ ಮೂರನೆಯ ಭಾಗ ಎಲ್ಲರೂ ಎಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಪುಣೆಗೆ ಹೋದ ಸೆಟ್ಟರ್‌ನ ಸ್ಥಾನಕ್ಕೆ ಬಂದ ಎರಡನೆಯ ಸೆಟ್ಟರ್ ದಿನಕ್ಕೆ ಎರಡು ತಾಸು ಸ್ಟೋರಿನಿಂದ ಇನ್ಸರ್ಟ್ (ಲೋಹ ಕತ್ತರಿಸುವ ಬಿಡಿ ಮೊನೆ) ತರುವುದರಲ್ಲಿ, ಜಾಬ್ ಕಾರ್ಡ್ ಹುಡುಕುವುದರಲ್ಲಿ, ಕ್ರೇನ್ ಖಾಲಿಯಾಗುವುದನ್ನು ಕಾಯುವುದರಲ್ಲಿ ಕಳೆಯುತ್ತಿದ್ದ. ಹಿಂದಿನ ದಿನ ಸಂಜೆಯೇ ಮರುದಿನದ ಜಾಬ್‌ಗೆ ಬೇಕಾದ ಟೂಲು, ಡ್ರಾಯಿಂಗು, ಗೇಜುಗಳನ್ನು ಒಂದು ಟ್ರೇಯಲ್ಲಿ ಜೋಡಿಸಿಡುವ ಹೊಣೆಯನ್ನು ಒಬ್ಬ ಅಪ್ರೆಂಟಿಸ್‌ಗೆ ವಹಿಸಿದೆವು. ಹೊಸ ಯಂತ್ರ ಕೊಳ್ಳದೆ, ಹೊಸ ಸೆಟ್ಟರ್ ನೇಮಿಸದೆ ಆ ಎರಡು ತಾಸು ನಮ್ಮ ಕೈಸೇರಿತು.

ಹೀಗೆ ಉಳಿದ ಹೊತ್ತನ್ನು ಅವರ ಮೇಲೆ ಇನ್ನಷ್ಟು ಕೆಲಸ ಹೇರಲು ಬಳಸುವುದು ಸುಲಭದ ದಾರಿ, ಮತ್ತು ತಪ್ಪು ದಾರಿ. ಜಾಣನಿಗೆ ಜಾಣತನದ ದಂಡ ಬಿದ್ದಂತೆ ಆಗುತ್ತದೆ. ಆ ಹೊತ್ತು ಎರಡನೆಯ ಭಾಗಕ್ಕೆ, ಅಂದರೆ ಕಲಿಸುವುದಕ್ಕೆ, ಮೀಸಲಾಗಬೇಕು.

ಕಲಿಯುವವರನ್ನು ಆರಿಸುವಾಗ ತಂಡದ ಎರಡನೆಯ ಜಾಣನನ್ನು ಕೂರಿಸುವುದು ಬೇಡ. ಆತನಿಗೆ ತನ್ನದೇ ಪದ್ಧತಿ ಇರುತ್ತದೆ, ಇಬ್ಬರ ನಡುವೆ ಪೈಪೋಟಿ ಹುಟ್ಟುತ್ತದೆ. ಕೈ ತಕ್ಕಮಟ್ಟಿಗೆ ಪಳಗಿರುವ, ಪ್ರಶ್ನೆ ಕೇಳಲು ನಾಚದ, ನೀಟಾಗಿ ಬರೆಯಬಲ್ಲ ಒಬ್ಬ ಐಟಿಐ ಹುಡುಗ ಅಥವಾ ಹುಡುಗಿ ಸಾಕು. ಈ ಭಾಗದ ಸಂಗೀತದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ: ಗಂಗೂಬಾಯಿ ಹಾನಗಲ್ ಅವರ ಕಛೇರಿಗಳಲ್ಲಿ ಮಗಳು ಕೃಷ್ಣಾ ಅವರು ದಶಕಗಳ ಕಾಲ ಸಹಗಾಯನ ನೀಡಿದರು. ಸಹಗಾಯಕಿ ಮುಖ್ಯ ಗಾಯಕಿಯ ಜೊತೆ ಸ್ಪರ್ಧೆಗೆ ಇಳಿಯುವುದಿಲ್ಲ. ಮುಖ್ಯ ಗಾಯಕಿ ಉಸಿರು ತೆಗೆದುಕೊಳ್ಳುವ ಕಡೆ ತಾವು ಸ್ವರ ಹಿಡಿದು ನಿಲ್ಲಿಸುತ್ತಾರೆ, ಮತ್ತು ಹಾಗೆ ಹಿಡಿಯಬೇಕಾದರೆ ಆಲಾಪ ಮುಂದೆ ಎತ್ತ ಹೋಗುತ್ತದೆಂಬುದು ಅವರಿಗೆ ಮೊದಲೇ ಗೊತ್ತಿರಬೇಕು. ನಿಮ್ಮ ಸಹಾಯಕ ಆ ಮಟ್ಟಕ್ಕೆ ಬಂದನೇ ಎಂದು ಅಳೆಯಲು, ಜಾಣ ಕೆಲಸಗಾರ ಮುಂದೆ ಏನು ಮಾಡುತ್ತಾನೆ ಎಂದು ಅರ್ಧ ಕೆಲಸದಲ್ಲಿ ನಿಲ್ಲಿಸಿ ಅವನನ್ನು ಕೇಳಿದರೆ ಸಾಕು.

ಕೆಲಸದ ಕ್ರಮವನ್ನು ಬರೆದಿಡುವ ಹೊಣೆಯನ್ನು ಜಾಣ ಕೆಲಸಗಾರನ ತಲೆಗೆ ಕಟ್ಟಬಾರದು. ಕೈಗೆ ಬಂದ ವಿದ್ಯೆಯನ್ನು ಮಾತಿಗೆ ತರುವುದು ಅವರಿಗೆ ಕಷ್ಟ, ಮೇಲಾಗಿ ಅವರಿಗೆ ಯಾವುದು ಇತರರಿಗೆ ಗೊತ್ತಿಲ್ಲ ಎಂಬುದೇ ಮರೆತುಹೋಗಿರುತ್ತದೆ. ಕಲಿಯುವವನೇ ಬರೆಯಲಿ, ಅವರು ತಿದ್ದಲಿ. ಮೊಬೈಲಿನಲ್ಲಿ ಕೈಗಳ ಚಲನೆಯನ್ನು ಎರಡು-ಮೂರು ನಿಮಿಷದ ತುಣುಕುಗಳಾಗಿ ಹಿಡಿದಿಟ್ಟುಕೊಂಡರೆ ಇನ್ನೂ ಒಳಿತು. ಅರ್ಧ ತಾಸಿನ ವಿಡಿಯೊವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಗದಗಿನ ಮುದ್ರಣಾಲಯವೊಂದರಲ್ಲಿ ನಾನು ಕಂಡ ಕ್ರಮ ನನಗೆ ಇಷ್ಟವಾಯಿತು: ಮಷಿನ್ ನಡೆಸುವ ಹಿರಿಯರು ಹೇಳಿದಂತೆ ಸಹಾಯಕ ಒಂದು ಹಳೆಯ ಲೆಡ್ಜರ್‌ನಲ್ಲಿ ಕಾಗದದ ಬಗೆ, ಮಳೆಗಾಲದ ತೇವಕ್ಕೆ ಶಾಯಿಯಲ್ಲಿ ಮಾಡಿದ ಬದಲಾವಣೆ, ಆ ದಿನ ಕೆಟ್ಟ ಹಾಳೆಗಳ ಸಂಖ್ಯೆ ಇವನ್ನು ಕೆಲಸ ಕೆಲಸಕ್ಕೂ ಬರೆದಿಡುತ್ತಿದ್ದ. ಅದಕ್ಕೆ ಅವರು ಕೊಟ್ಟಿದ್ದ ಹೆಸರು "ತಪ್ಪಿನ ಖಾತೆ". ಸರಿಯಾದದ್ದಕ್ಕಿಂತ ತಪ್ಪಿದ್ದನ್ನು ಬರೆದಿಟ್ಟರೆ ಮುಂದಿನವರಿಗೆ ಹೆಚ್ಚು ಉಪಯೋಗ ಎಂಬುದು ಅವರ ಅನುಭವ.

ಇದರ ಜೊತೆಗೆ ಗೋಡೆಯ ಮೇಲೆ ಒಂದು ಹಾಳೆ ಇರಲಿ. ಎಡಗಡೆ ಹೆಸರುಗಳು, ಮೇಲುಗಡೆ ಕೆಲಸಗಳು, ಪ್ರತಿ ಮನೆಯಲ್ಲಿ ನಾಲ್ಕು ಪಾಲು ಮಾಡಿದ ಒಂದು ವೃತ್ತ. ನೋಡಿ ಕಲಿಯುತ್ತಿದ್ದರೆ ಒಂದು ಪಾಲು, ಮೇಲ್ವಿಚಾರಣೆಯಲ್ಲಿ ಮಾಡಬಲ್ಲರಾದರೆ ಎರಡು, ಒಬ್ಬರೇ ಮಾಡಬಲ್ಲರಾದರೆ ಮೂರು, ಇತರರಿಗೆ ಕಲಿಸಬಲ್ಲರಾದರೆ ನಾಲ್ಕು ಪಾಲು ಕಪ್ಪು ಮಾಡಬೇಕು. ಯಾವುದೇ ಕೆಲಸದ ಕೆಳಗೆ ಮೂರು ಪಾಲು ತುಂಬಿದವರು ಒಬ್ಬರೇ ಇದ್ದರೆ ಅದು ನಿಮ್ಮ ಮುಂದಿನ ತಿಂಗಳ ಕಲಿಕೆಯ ವಿಷಯ. ಆಮೇಲೆ ಮೂರು ತಿಂಗಳಿಗೊಮ್ಮೆ ಒಂದು ವಾರ, ಜಾಣ ಕೆಲಸಗಾರ ಹಾಜರಿದ್ದೂ ಯಂತ್ರಕ್ಕೆ ಕೈಹಚ್ಚದಂತೆ ನಿಲ್ಲುವ ಪರೀಕ್ಷೆ ಮಾಡಬೇಕು. ಕೇಳಿದ್ದಕ್ಕೆ ಉತ್ತರ ಹೇಳಬಹುದು, ಸ್ಪ್ಯಾನರ್ ಹಿಡಿಯುವಂತಿಲ್ಲ. ಮೊದಲ ವಾರ ಉತ್ಪಾದನೆ ಇಳಿಯುತ್ತದೆ. ಆ ಇಳಿತವನ್ನು ಮಾಲೀಕರಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಸಿಕೊಳ್ಳದಿದ್ದರೆ ಬುಧವಾರದ ಹೊತ್ತಿಗೆ ಅವರೇ ಬಂದು ಪರೀಕ್ಷೆ ನಿಲ್ಲಿಸುತ್ತಾರೆ.

"ಎಲ್ಲಾ ಹೇಳಿಕೊಟ್ಟ ಮ್ಯಾಲ ನನ್ನ ಬೆಲಿ ಏನ ಉಳೀತದ ಸರ್?" ಎಂದು ನಮ್ಮ ಎರಡನೆಯ ಸೆಟ್ಟರ್ ನೇರವಾಗಿ ಕೇಳಿದ್ದ. ಇದು ನ್ಯಾಯವಾದ ಪ್ರಶ್ನೆ, ಮತ್ತು ಭರವಸೆಯ ಮಾತುಗಳಿಂದ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಆತನ ವಾರ್ಷಿಕ ವೇತನ ಹೆಚ್ಚಳದ ಪತ್ರದಲ್ಲಿ, ಕಲಿಸಿದವರ ಸಂಖ್ಯೆಯನ್ನೂ ಹೊಸ ಜಾಬ್‌ಗಳ ಅಭಿವೃದ್ಧಿಯನ್ನೂ ಹೆಚ್ಚಳದ ಕಾರಣಗಳೆಂದು ಬರೆದು ಸಹಿ ಹಾಕಿಸಿ ಕೊಟ್ಟಾಗ ಆತ ನಂಬಿದ.

ಬಡ್ತಿ

ಕೆಲಸದಲ್ಲಿ ಮುಂದಿರುವವರಿಗೆ ಕೊಡಬಹುದಾದ ಗೌರವ ಎಂದರೆ ಇತರರ ಮೇಲೆ ಅಧಿಕಾರ ಎಂಬ ಒಂದೇ ಕಲ್ಪನೆ ನಮ್ಮ ಕಚೇರಿಗಳಲ್ಲೂ ಕಾರ್ಖಾನೆಗಳಲ್ಲೂ ಬೇರೂರಿದೆ. ಅಮೆರಿಕದ ಹಲವು ಕಂಪನಿಗಳ ಮಾರಾಟ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕಂಪನಿಗಳು ಹೆಚ್ಚು ಮಾರಿದವರನ್ನೇ ವ್ಯವಸ್ಥಾಪಕರನ್ನಾಗಿ ಮಾಡುವ ಕಡೆ ಒಲಿದಿದ್ದವು, ಮತ್ತು ಬಡ್ತಿಗೆ ಮುಂಚೆ ಹೆಚ್ಚು ಮಾರಿದ್ದವರ ಕೈಕೆಳಗಿನವರ ಮಾರಾಟವೇ ಕುಗ್ಗಿತ್ತು. ನಮ್ಮ ಮೊದಲ ಸೆಟ್ಟರ್ ವಿಷಯದಲ್ಲಿ ಆದದ್ದು ಇದೇ. ಎರಡು ಏಣಿಗಳನ್ನು ಇಡುವುದು ಇದಕ್ಕೆ ಪರಿಹಾರ: ಒಂದು ಮೇಲ್ವಿಚಾರಣೆಯದು, ಇನ್ನೊಂದು ಕಸುಬಿನದು. ಕಸುಬಿನ ಏಣಿಯಲ್ಲಿ ಮೇಲೇರಿದವರ ಸಂಬಳ ಸೂಪರ್‌ವೈಸರ್‌ನ ಸಂಬಳಕ್ಕೆ ಸಮನಾಗಬಹುದು, ದಾಟಲೂಬಹುದು. ಇಪ್ಪತ್ತು ಜನರ ಘಟಕದಲ್ಲಿ ಏಣಿ ಎಂಬುದು ದೊಡ್ಡ ಮಾತಾಯಿತು ಎನಿಸಿದರೆ, "ಮುಖ್ಯ ಸೆಟ್ಟರ್" ಎಂಬ ಒಂದು ಹುದ್ದೆ, ಅದಕ್ಕೆ ತಕ್ಕ ಸಂಬಳ, ಹೊಸ ಯಂತ್ರ ಕೊಳ್ಳುವಾಗ ಅವರ ಅಭಿಪ್ರಾಯ ಕೇಳುವ ಪದ್ಧತಿ ಇಷ್ಟಾದರೂ ಇರಲಿ.

ಮಾತಿನ ಸರದಿ

ಉತ್ತಮ ಕೆಲಸಗಾರರಿರುವ ತಂಡದಲ್ಲಿ ಕಾಣದೆ ಬೆಳೆಯುವ ತೊಂದರೆ ಎಂದರೆ ಉಳಿದವರು ಮಾತು ನಿಲ್ಲಿಸುವುದು. ಆ ಜಾಣರು ಹೇಳಿದ ಮೇಲೆ ಮುಗಿಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಹಿರಿಯರಿಗೆ ಎದುರಾಡಬಾರದೆಂಬ ನಮ್ಮ ಭಾಗದ ಸಂಸ್ಕಾರವೂ ಇದಕ್ಕೆ ಸೇರಿಕೊಳ್ಳುತ್ತದೆ. ವಯಸ್ಸಿನಲ್ಲಿ ಹಿರಿಯನಾದ ಸೆಟ್ಟರನ್ನು "ಅಣ್ಣಾರ" ಎಂದು ಕರೆಯುವ ಹುಡುಗ ಆತನ ಆಫ್‌ಸೆಟ್ (ಯಂತ್ರಕ್ಕೆ ಕೊಟ್ಟ ಅಳತೆಯ ಹೊಂದಾಣಿಕೆ) ತಪ್ಪಿದ್ದನ್ನು ಕಂಡರೂ ಹೇಳುವುದಿಲ್ಲ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಪರಿಶೀಲಿಸಿದಾಗ ಒಳ್ಳೆಯ ತಂಡಗಳಲ್ಲಿ ಹೆಚ್ಚು ತಪ್ಪುಗಳು ವರದಿಯಾಗಿರುವುದು ಕಂಡುಬಂತು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಜನ ಹೆದರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಗೂಗಲ್ ಕಂಪನಿ ತನ್ನ 180 ತಂಡಗಳನ್ನು ಅಧ್ಯಯನ ಮಾಡಿದಾಗಲೂ, ತಂಡದಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಅವರು ಹೆದರಿಕೆಯಿಲ್ಲದೆ ಒಬ್ಬರೊಡನೊಬ್ಬರು ಮಾತನಾಡುತ್ತಾರೆಯೇ ಎಂಬುದೇ ಹೆಚ್ಚು ಮುಖ್ಯವೆಂದು ತೋರಿಬಂತು.

ಇದಕ್ಕಾಗಿ ದೊಡ್ಡ ತರಬೇತಿ ಶಿಬಿರ ಬೇಕಿಲ್ಲ. ಪಾಳಿ ಶುರುವಾಗುವಾಗ ಹತ್ತು ನಿಮಿಷ ನಿಂತುಕೊಂಡೇ ಮಾತನಾಡುವ ಪದ್ಧತಿ ಇಟ್ಟುಕೊಂಡು, ಕಿರಿಯರಿಂದ ಆರಂಭಿಸಿ ಜಾಣ ಕೆಲಸಗಾರ ಕೊನೆಯಲ್ಲಿ ಮಾತನಾಡುವಂತೆ ಸರದಿ ಇಟ್ಟರೆ ಸಾಕು. ನಿನ್ನೆ ಏನು ಕೆಟ್ಟಿತು ಎಂಬ ಪ್ರಶ್ನೆಗೆ ವಾರದಲ್ಲಿ ಒಂದು ದಿನವಾದರೂ ಆ ಜಾಣನೇ ತನ್ನ ತಪ್ಪನ್ನು ಹೇಳಿಕೊಳ್ಳುವಂತೆ ಖಾಸಗಿಯಾಗಿ ಮೊದಲೇ ಮಾತನಾಡಿಕೊಳ್ಳಬೇಕು. ಅವರು ಒಮ್ಮೆ ಹೇಳಿಕೊಂಡರೆ ಉಳಿದವರ ಬಾಯಿ ತಾನಾಗಿ ತೆರೆಯುತ್ತದೆ.

ರೊಕ್ಕದ ವಿಚಾರ

ಕಾನೂನಿನ ಪ್ರಕಾರ ಕೊಡಬೇಕಾದ ವಾರ್ಷಿಕ ಬೋನಸ್ (ಕನಿಷ್ಠ ಶೇ. 8.33, ಗರಿಷ್ಠ ಶೇ. 20) ಬೇರೆ, ಕೆಲಸಕ್ಕೆ ಕೊಡುವ ಪ್ರೋತ್ಸಾಹಧನ ಬೇರೆ; ಸಣ್ಣ ಘಟಕಗಳಲ್ಲಿ ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿ ದೀಪಾವಳಿಗೆ ಹಂಚುವುದರಿಂದ ಯಾವುದಕ್ಕೆ ಯಾಕೆ ಸಿಕ್ಕಿತೆಂದು ಯಾರಿಗೂ ತಿಳಿಯುವುದಿಲ್ಲ. ಪ್ರೋತ್ಸಾಹಧನವನ್ನು ಹಂಚಲು ನಾವು ಅನುಸರಿಸಿದ ಕ್ರಮವನ್ನು ಒಂದು ಲೆಕ್ಕದ ಮೂಲಕ ಹೇಳುತ್ತೇನೆ. ಎಂಟು ಜನರ ತಂಡಕ್ಕೆ ತಿಂಗಳಿಗೆ 40,000 ರೂಪಾಯಿ ಇದೆ ಎಂದುಕೊಳ್ಳೋಣ. ತಂಡ ಸಮಯಕ್ಕೆ ಸರಿಯಾಗಿ, ರಿಜೆಕ್ಷನ್ ಮಿತಿಯೊಳಗೆ ಡಿಸ್ಪ್ಯಾಚ್ ಮಾಡಿದ್ದಕ್ಕೆ 24,000, ತಲಾ 3,000ದಂತೆ ಸಮನಾಗಿ. ಆ ತಿಂಗಳು ಗೋಡೆಯ ಹಾಳೆಯಲ್ಲಿ ಹೊಸ ಪಾಲು ತುಂಬಿಸಿಕೊಂಡವರಿಗೂ ಅದನ್ನು ಕಲಿಸಿದವರಿಗೂ ಸೇರಿ 10,000. ಉಳಿದ 6,000 ಮಾತ್ರ ವೈಯಕ್ತಿಕ ಸಾಧನೆಗೆ. ಹಾಗಾದರೆ ಜಾಣನಿಗೆ ಅನ್ಯಾಯವಾಗುವುದಿಲ್ಲವೆ ಎಂದು ಕೇಳಬಹುದು. ಆತನ ಜಾಣತನದ ಬೆಲೆ ಮೂಲ ಸಂಬಳದಲ್ಲೇ ಬರಬೇಕು, ತಂಡದ ತಟ್ಟೆಯಿಂದ ತೆಗೆದುಕೊಡಬಾರದು. ತಟ್ಟೆಯಿಂದ ತೆಗೆದುಕೊಟ್ಟ ದಿನದಿಂದ ಆತನಿಗೆ ಇನ್ಸರ್ಟ್ ತಂದುಕೊಡುವವರು ನಿಧಾನವಾಗುತ್ತಾರೆ.

ಹೊಗಳಿಕೆಗೂ ಇದೇ ಮಾತು. ಎಲ್ಲರೆದುರು ಹೊಗಳುವಾಗ ಮಾಡಿದ ಕೆಲಸವನ್ನೂ ಅದಕ್ಕೆ ಕೈಜೋಡಿಸಿದವರನ್ನೂ ಹೆಸರು ಹಿಡಿದು ಹೇಳಬೇಕು.

ಜಾಣ, ಆದರೆ ಜೊತೆಗಾರರನ್ನು ಕೆಡಿಸುವವ

ಕೆಲವರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ, ಆದರೆ ಕಿರಿಯರನ್ನು ಹೀಯಾಳಿಸುತ್ತಾರೆ, ಮಾಹಿತಿ ಮುಚ್ಚಿಡುತ್ತಾರೆ, ನಿಯಮ ತಮಗಲ್ಲ ಎಂದು ನಡೆಯುತ್ತಾರೆ. ಹೌಸ್‌ಮನ್ ಮತ್ತು ಮೈನರ್ ಎಂಬ ಸಂಶೋಧಕರು 2015ರಲ್ಲಿ ಹನ್ನೊಂದು ಸಂಸ್ಥೆಗಳ 50,000ಕ್ಕೂ ಹೆಚ್ಚು ಕೆಲಸಗಾರರ ದಾಖಲೆಗಳಿಂದ ಹಾಕಿದ ಲೆಕ್ಕದಂತೆ, ಅತ್ಯುತ್ತಮ ಶೇ. 1ರ ಸಾಲಿನ ಒಬ್ಬರನ್ನು ನೇಮಿಸುವುದರಿಂದ ಆಗುವ ಲಾಭ ಸುಮಾರು 5,300 ಡಾಲರ್. ಜೊತೆಗಾರರನ್ನು ಕೆಡಿಸುವ ಒಬ್ಬರನ್ನು ದೂರವಿಡುವುದರಿಂದ ಉಳಿಯುವುದು ಸುಮಾರು 12,500 ಡಾಲರ್. ಒಂದು ಸಲ ಏಕಾಂತದಲ್ಲಿ, ನಡೆದ ಘಟನೆಯ ದಿನಾಂಕ ಸಹಿತ ಹೇಳಬೇಕು. ಎರಡನೆಯ ಸಲ ಲಿಖಿತವಾಗಿ ಕೊಡಬೇಕು. ಮೂರನೆಯ ಸಲಕ್ಕೆ ಮುಂಚೆ ಗೋಡೆಯ ಹಾಳೆಯಲ್ಲಿ ಅವರ ಕೆಲಸ ಮಾಡಬಲ್ಲ ಇನ್ನೊಬ್ಬರ ವೃತ್ತ ಮೂರು ಪಾಲು ತುಂಬಿರಬೇಕು. ಈ ಕೊನೆಯದನ್ನು ಮಾಡಿಕೊಳ್ಳದೆ ಎಚ್ಚರಿಕೆ ಕೊಟ್ಟರೆ ಅದು ಪೊಳ್ಳು ಎಂದು ಅವರಿಗೂ ಗೊತ್ತಿರುತ್ತದೆ.

ನಮ್ಮ ಎರಡನೆಯ ಸೆಟ್ಟರ್ ಅಂಥವನಲ್ಲ. ಆತ ಸೇರಿದ ಎರಡನೆಯ ವರ್ಷ, ಮಾಘ ಮಾಸದಲ್ಲಿ, ಊರಿನ ಚಕ್ಕಡಿಗಳ ಜೊತೆ ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಹೋಗಲು ಹತ್ತು ದಿನ ರಜೆ ಕೇಳಿದ. ಉಳವಿಯ ಕಾಡಿನಲ್ಲಿ ಫೋನು ಸರಿಯಾಗಿ ಹತ್ತುವುದಿಲ್ಲ ಎಂದು ಗೊತ್ತಿದ್ದೇ ಸಹಿ ಮಾಡಿದೆ. ಆ ಹತ್ತು ದಿನಗಳಲ್ಲಿ ಮೂರು ಹೊಸ ಜಾಬ್‌ಗಳ ಸೆಟ್ಟಿಂಗ್ ಆಯಿತು. ಒಂದು ಜಾಬ್‌ಗೆ ಮಾತ್ರ ಮೂರನೆಯ ಪೀಸಿಗೆ ಅಳತೆ ಕೂಡಿತು, ಯಂತ್ರ ಯಾವುದೂ ನಿಲ್ಲಲಿಲ್ಲ. ಹಣೆಯ ಮೇಲೆ ವಿಭೂತಿ ಇನ್ನೂ ಇರುವಂತೆಯೇ ಬಂದವನು ಮೊದಲು ಯಂತ್ರಗಳ ಕಡೆ ನೋಡಿ, "ಏನೂ ಆಗೇ ಇಲ್ಲೇನ್ರಿ?" ಎಂದ. ದನಿಯಲ್ಲಿ ಸಂತೋಷದ ಜೊತೆ ಚೂರು ಬೇಸರವೂ ಇತ್ತು. ಆ ಬೇಸರವನ್ನು ಹಾಗೇ ಬಿಡಬಾರದೆಂದು ತಿಳಿದು, ಆರು ತಿಂಗಳಿನಿಂದ ಕೈಹಾಕಲು ಹೊತ್ತಿಲ್ಲದೆ ಬದಿಗಿಟ್ಟಿದ್ದ ಸ್ಟೇನ್‌ಲೆಸ್ ಸ್ಟೀಲ್ ವಾಲ್ವ್ ಬಾಲ್‌ನ ಡ್ರಾಯಿಂಗನ್ನು ತೆಗೆದು ಅವನ ಮುಂದಿಟ್ಟೆ. ಇದು ನಮ್ಮಲ್ಲಿ ಯಾರಿಂದಲೂ ಆಗಿಲ್ಲ ಎಂದೆ. ಆತ ಚಹಾ ಕುಡಿಯುವುದನ್ನೂ ಮರೆತು ಅದನ್ನು ಬಿಡಿಸಿ ನೋಡತೊಡಗಿದ.